ಕಡಲಿನೊಳಗೊಂದು ಕಣ್ಣು

ಚೆಟ್ಟಳ್ಳಿಗೂ ಕಡಲಿಗೂ ಎತ್ತಣ ನಂಟು? ಅಲ್ಲಿ ಕಣ್ಣು ಹರಿದತ್ತ ಕಾಫಿ ಗಿಡ, ಗಿಡಕ್ಕೆ ನೆರಳೀಯುವ ಮರ, ಮರವನ್ನು ತಬ್ಬಿದ ಮೆಣಸಿನ ಬಳ್ಳಿ. ಆದರೂ ಅಲ್ಲಿನ ಒಂದು ತೋಟದ ಮನೆಯ ಜಗಲಿಯ ಮೇಲೆ ಒಂದು ಸಂಜೆ ಕಡಲಿನ ಮಾತೇ ನಡೆಯಿತೆಂದು ವಾಚಕರು ಕಲ್ಪಿಸಿಕೊಳ್ಳಲಿ.

ಮನೆಯ ಮಗ ಮುರುಡೇಶ್ವರಕ್ಕೆ ಹೋಗಿ, ದಡದಿಂದ ಸುಮಾರು 20 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಕಡಲಿನಲ್ಲಿ ಮುಳುಗಿ ಬಂದಿದ್ದಾನೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಗಾಗಿ ಪುನೀತ್ ರಾಜ್‌ಕುಮಾರ್ ಇಳಿದ ನೀರು ಅದೇ. ಜೊತೆಗಿದ್ದ ಮಾರ್ಗದರ್ಶಿ ತೆಗೆದುಕೊಟ್ಟ ಚಿತ್ರವನ್ನು ಅವನು ತಾಯಿಗೆ ತೋರಿಸಿದನು.

“ಕೆಂಪು ಮೀನೆಂದೆಯಲ್ಲ ಮಗ, ಇದು ಬೂದಿಯ ಬಣ್ಣವಲ್ಲವೇ?” ಎಂದರು ಆಕೆ.

“ಮಾರ್ಗದರ್ಶಿ ಟಾರ್ಚು ಬಿಟ್ಟಾಗ ಕೆಂಪಗೇ ಇತ್ತಮ್ಮ. ಈ ಕ್ಯಾಮರಾ ಚಿಕ್ಕದು. ದೊಡ್ಡದೊಂದನ್ನು ಕೊಂಡರೆ ಎಲ್ಲವೂ ಸರಿಯಾಗುತ್ತದೆ.”

ಲೆಕ್ಕದ ಪುಸ್ತಕದಿಂದ ತಲೆಯೆತ್ತಿದ ತಂದೆ ಹೇಳಿದರು: “ಕೊಳ್ಳಬೇಡವೆನ್ನುವುದಿಲ್ಲ. ಆದರೆ ಕಾಫಿಯ ಹಣ ವರ್ಷಕ್ಕೊಮ್ಮೆ ಬರುವುದು. ಯಾವುದು ಮೊದಲು, ಯಾವುದು ಆಮೇಲೆ, ಅದನ್ನು ಹೇಳು.”

ಮಗನ ಬಳಿ ಉತ್ತರವಿರಲಿಲ್ಲ. ಆದರೆ ಅವನ ಮಾತಿನಲ್ಲಿಯೇ ಉತ್ತರ ಅಡಗಿತ್ತು. ಮೀನನ್ನು ಕೆಂಪಾಗಿಸಿದ್ದು ಟಾರ್ಚು, ಕ್ಯಾಮರಾ ಅಲ್ಲ.

ಸೂರ್ಯನ ಬೆಳಕು ನೀರಿಗಿಳಿದಂತೆ ತನ್ನ ಬಣ್ಣಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಮಾಯ. ಅನಂತರ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ನೀಲಿ ಮತ್ತು ಹಸಿರು. ಇಲ್ಲದ ಬಣ್ಣವನ್ನು ಎಷ್ಟು ಬೆಲೆಯ ಕ್ಯಾಮರಾ ತಾನೇ ಕಂಡೀತು? ಆದಕಾರಣ ಈ ವಿದ್ಯೆಯಲ್ಲಿ ಬೆಳಕನ್ನು ಜೊತೆಯಲ್ಲೇ ಒಯ್ಯಬೇಕು. ಈ ಮಾತು ಹೊಸದೇನಲ್ಲ. 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ನೀರು ಹೊಗದ ಪೆಟ್ಟಿಗೆಯಲ್ಲಿ ಕ್ಯಾಮರಾವನ್ನಿಟ್ಟು ಕಡಲಿಗಿಳಿದಾಗಲೂ ಬೆಳಕಿನದೇ ತೊಡಕು. 1926ರಲ್ಲಿ ಅಮೆರಿಕದ ಫ್ಲಾರಿಡಾ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬವರು ನೀರಿನೊಳಗಿನ ಮೊದಲ ಬಣ್ಣದ ಚಿತ್ರವನ್ನು ತೆಗೆಯುವುದಕ್ಕೆ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸ್ಫೋಟಿಸಬೇಕಾಯಿತು.

ಇಂದಿನ ಡಿಜಿಟಲ್ ಕ್ಯಾಮರಾ ಅನುಕೂಲಗಳನ್ನೇನೋ ಬಹಳವಾಗಿ ತಂದಿದೆ. 1963ರಲ್ಲಿ ಬಂದ ನಿಕೋನೋಸ್ ಕ್ಯಾಮರಾದ ಕಾಲದಲ್ಲಿ 36 ಚಿತ್ರಗಳು ಮುಗಿದರೆ ಫಿಲ್ಮ್ ಬದಲಿಸಲು ಮೇಲಕ್ಕೆ ಬರಲೇಬೇಕಿತ್ತು. ಈಗ ನೂರಾರು ಚಿತ್ರಗಳನ್ನು ತೆಗೆಯಬಹುದು, ತಪ್ಪನ್ನು ನೀರಿನಲ್ಲೇ ನೋಡಿ ತಿದ್ದಿಕೊಳ್ಳಬಹುದು. ‘ರಾ’ ಎಂಬ ಬಗೆಯಲ್ಲಿ ಚಿತ್ರವನ್ನು ಉಳಿಸಿದರೆ ಬಣ್ಣದ ಸಮತೋಲವನ್ನು ಮನೆಯಲ್ಲಿ ಕುಳಿತು ಸರಿಪಡಿಸುವುದೂ ಸಾಧ್ಯ. ಆದರೂ ಪೂರ್ತಿ ನಷ್ಟವಾದ ಕೆಂಪು ಮರಳಿ ಬಾರದು.

ಹಾಗಾದರೆ ಕ್ರಮವೇನು? ಮೊಟ್ಟಮೊದಲು ಹಣ ತೆರಬೇಕಾದುದು ಮುಳುಗುವ ತರಬೇತಿಗೆ. ನೀರಿನಲ್ಲಿ ಮೇಲೇರದೆ, ಕೆಳಗಿಳಿಯದೆ, ನಿಂತಲ್ಲಿ ನಿಲ್ಲಲು ಬಾರದವನ ಕೈಗೆ ಕ್ಯಾಮರಾ ಕೊಟ್ಟರೆ ಅವನು ಆಸರೆಗಾಗಿ ಹವಳವನ್ನು ಹಿಡಿಯುತ್ತಾನೆ. ಹವಳವು ಕಲ್ಲಲ್ಲ, ಜೀವ. ಹಲವು ವರ್ಷಗಳಲ್ಲಿ ಬೆಳೆದದ್ದು ಒಂದು ಹಿಡಿತಕ್ಕೆ ಮುರಿಯುತ್ತದೆ. ಅವನ ಪ್ರಾಣಕ್ಕೂ ಅಪಾಯವುಂಟು: ಚಿತ್ರದ ಗುಂಗಿನಲ್ಲಿ ಸಿಲಿಂಡರಿನ ಗಾಳಿಯ ಅಳತೆಯನ್ನು ಮರೆತವನಿಗೆ ಕಡಲು ಕ್ಷಮೆ ತೋರುವುದಿಲ್ಲ.

ಎರಡನೆಯದು, ಚಿಕ್ಕ ಗಟ್ಟಿಮುಟ್ಟಾದ ಕ್ಯಾಮರಾ. ಉದಾಹರಣೆಗೆ 2019ರಲ್ಲಿ ಬಂದ ಒಲಿಂಪಸ್ ಟಿಜಿ-6 ತಾನಾಗಿಯೇ 15 ಮೀಟರು ಆಳವನ್ನು ತಾಳುತ್ತದೆ. ಅದಕ್ಕೆಂದೇ ಮಾಡಿದ ಹೌಸಿಂಗ್ ಎಂಬ ಕವಚ ತೊಡಿಸಿದರೆ 45 ಮೀಟರು. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆಂಬುದನ್ನು ನೆನೆದರೆ ಕವಚದ ಬೆಲೆ ಅರಿವಾದೀತು. ಆ ಕವಚವನ್ನು ಕಾಯುವುದು ಓ-ರಿಂಗ್ ಎಂಬ ರಬ್ಬರಿನ ಬಳೆ. ಅದರ ಮೇಲೆ ಕುಳಿತ ಒಂದು ಕೂದಲೆಳೆ, ಒಂದು ಮರಳಿನ ಕಣ ಸಾಕು, ನೀರು ಒಳಹೊಗುತ್ತದೆ. ಹೊಸ ಕವಚದೊಳಗೆ ಬರಿಯ ಕಾಗದವನ್ನಿಟ್ಟು ಹಂಡೆಯ ನೀರಿನಲ್ಲಿ ಮುಳುಗಿಸಿ ನೋಡುವುದು ಮೊದಲ ಪರೀಕ್ಷೆ. ಕಡಲಿನಿಂದ ಬಂದೊಡನೆ ಅದನ್ನು ಸಿಹಿನೀರಿನಲ್ಲಿ ನೆನೆಸಿ ಉಪ್ಪನ್ನು ಕಳೆಯಬೇಕು. ಕೊಡಗಿನ ಮನೆಗೆ ಇನ್ನೂ ಒಂದು ಎಚ್ಚರಿಕೆ ಬೇಕು: ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ಕ್ಯಾಮರಾವನ್ನು ತೇವ ಹೀರುವ ಸಿಲಿಕಾ ಹರಳಿನೊಡನೆ ಬಿಗಿಯಾದ ಡಬ್ಬಿಯಲ್ಲಿಡತಕ್ಕದ್ದು.

ಮೂರನೆಯ ವರ್ಷದ ಹಣ ಬೆಳಕಿಗೆ. ಸ್ಟ್ರೋಬ್ ಎಂಬ ಹೊರಗಿನ ಫ್ಲಾಶ್ ದೀಪವನ್ನು ಉದ್ದನೆಯ ತೋಳಿಗೆ ಸಿಕ್ಕಿಸಿ ಕ್ಯಾಮರಾದ ಪಕ್ಕಕ್ಕೆ ಚಾಚಬೇಕು. ದೀಪವು ಮಸೂರದ ಮಗ್ಗುಲಲ್ಲೇ ಇದ್ದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಚಿತ್ರದ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ದೀಪವಿದ್ದರೂ ಮೀನಿಗೆ ಒಂದು ಮೀಟರಿನೊಳಗೆ ಸರಿಯಬೇಕು. ದೂರ ಹೆಚ್ಚಿದಷ್ಟೂ ನೀರು ಬಣ್ಣವನ್ನು ನುಂಗುತ್ತದೆ.

ಅನಂತರದ ಸರದಿ ಮಸೂರಗಳದು. ನೀರಿನಲ್ಲಿ ವಸ್ತುಗಳು ಮೂರನೆಯ ಒಂದು ಪಾಲು ದೊಡ್ಡದಾಗಿ ತೋರಿ ಚೌಕಟ್ಟು ಕಿರಿದಾಗುವುದರಿಂದ, ಬಂಡೆಯ ವಿಶಾಲ ನೋಟಕ್ಕೆ ಅಗಲ ಮಸೂರವೂ ಸಣ್ಣ ಜೀವಿಗಳಿಗೆ ಹತ್ತಿರದ ಮಸೂರವೂ ಬೇಕಾಗುತ್ತವೆ. ಕವಚದ ಮುಂದೆ ನೀರಿನಲ್ಲೇ ತೊಡಿಸಿ ತೆಗೆಯಬಹುದಾದಂಥವು ದೊರೆಯುತ್ತವೆ.

ದೊಡ್ಡ ಕ್ಯಾಮರಾ ಕಟ್ಟಕಡೆಗೆ. ಅದರ ಕವಚಕ್ಕೆ ಎಷ್ಟೋ ಬಾರಿ ಕ್ಯಾಮರಾದಷ್ಟೇ, ಕೆಲವೊಮ್ಮೆ ಅದಕ್ಕೂ ಮಿಗಿಲಾದ ಬೆಲೆ. ಅಲ್ಲದೆ ಒಂದು ಮಾದರಿಗೆ ಮಾಡಿದ ಕವಚ ಇನ್ನೊಂದಕ್ಕೆ ಸಾಮಾನ್ಯವಾಗಿ ಒಗ್ಗದು. ಕ್ಯಾಮರಾ ಬದಲಾದರೆ ಕವಚವೂ ಬದಲಾಗಬೇಕು. ಸ್ಟ್ರೋಬು, ಅದರ ತೋಳು, ಕಲಿತ ವಿದ್ಯೆ ಮಾತ್ರ ಹೊಸ ಕ್ಯಾಮರಾಕ್ಕೂ ಜೊತೆಯಾಗುತ್ತವೆ. ಉಳಿಯುವುದನ್ನು ಮೊದಲು ಕೊಂಡು ಕಳಚುವುದನ್ನು ಕೊನೆಗೆ ಕೊಳ್ಳುವುದೇ ಜಾಣತನ.

ತಂದೆಯ ಪ್ರಶ್ನೆಗೆ ಮಗ ನಾಲ್ಕು ದಿನ ಕಳೆದು ಈ ಕ್ರಮವನ್ನೇ ಬರೆದು ತಂದನು. ಅವರು ಪಟ್ಟಿಯನ್ನು ಎರಡು ಬಾರಿ ಓದಿದರು.

“ಈ ವರ್ಷಕ್ಕೆ ತರಬೇತಿ ಮಾತ್ರವೋ?”

“ಹೌದಪ್ಪ. ರೋಬಸ್ಟಾ ಕೊಯ್ಲು ಮುಗಿದ ಮೇಲೆ ಹೋಗುತ್ತೇನೆ. ಮಳೆಗಾಲ ಹಿಡಿದರೆ ನೇತ್ರಾಣಿಗೆ ದೋಣಿಯಿಲ್ಲ.”

“ಆಗಲಿ,” ಎಂದರು ತಂದೆ. ಗಿಡ ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾದ ಮನುಷ್ಯನಿಗೆ ಆ ಪಟ್ಟಿಯಲ್ಲಿ ಹೊಸದೇನೂ ಕಾಣಲಿಲ್ಲ. ತಾಯಿ ಮಾತ್ರ ಬೂದಿ ಬಣ್ಣದ ಮೀನನ್ನು ಮತ್ತೊಮ್ಮೆ ನೋಡಿ, “ಕೆಂಪಗೆ ತೆಗೆದ ದಿನ ಮೊದಲು ನನಗೇ ತೋರಿಸಬೇಕು” ಎಂದರು.