ಬೀಗ ತೆಗೆಸುವ ಅಧಿಕಾರ ನಿಮಗಿತ್ತು

ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿ ಹೇಗ್ ನಗರದಲ್ಲಿ ಸಭೆ ಸೇರುವ ರಾಷ್ಟ್ರಗಳ ಪ್ರತಿನಿಧಿಗಳಿಗೆ, ಅದರಲ್ಲೂ ಭಾರತದ ಪ್ರತಿನಿಧಿಗೆ,

ಮಾನ್ಯರೇ,

2024ರ ಡಿಸೆಂಬರ್ 8ರಂದು ಬಷರ್ ಅಲ್ ಅಸದ್ ಸಿರಿಯಾ ಬಿಟ್ಟು ಓಡಿಹೋದರು. ನಂತರ ಬಂದ ಸರ್ಕಾರ ನಿಮ್ಮ ತಪಾಸಣಾ ತಂಡಗಳನ್ನು ಒಳಗೆ ಬಿಟ್ಟುಕೊಂಡಿದೆ. ಹಳೆಯ ಸರ್ಕಾರ ಬಾಯಿ ಬಿಡದ, ಅನುಮಾನಕ್ಕೆ ಎಡೆಯಿರುವ ಜಾಗಗಳು ನೂರಕ್ಕೂ ಹೆಚ್ಚಿವೆ ಎಂದು ನಿಮ್ಮ ಸಂಸ್ಥೆಯೇ ಈಗ ಹೇಳುತ್ತಿದೆ. ಅಸದ್ ಓಡಿಹೋಗುವ ಹೊತ್ತಿಗೆ ಹನ್ನೊಂದು ವರ್ಷದಿಂದ ಆ ದೇಶ ನಿಮ್ಮ ಸದಸ್ಯ ರಾಷ್ಟ್ರವಾಗಿತ್ತು. ಅಷ್ಟೂ ವರ್ಷ ಇವು ಕಣ್ಣಿಗೆ ಬೀಳದಂತೆ ಅದು ನೋಡಿಕೊಂಡದ್ದು ಹೇಗೆ, ನೀವು ನೋಡುತ್ತ ಕುಳಿತದ್ದು ಏಕೆ ಎಂಬುದೇ ನನ್ನ ದೂರು.

ಉತ್ತರ ಕೊರಿಯಾ 2002ರ ಕೊನೆಯಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರನ್ನು ನೇರವಾಗಿ ಹೊರಗೆ ಹಾಕಿತು. ಅಸದ್ ಸರ್ಕಾರಕ್ಕೆ ಅಷ್ಟು ಒರಟುತನ ಬೇಕಾಗಲಿಲ್ಲ. ದೆವ್ವ ಬಂದರೆ ಓದಿಕೊಂಡು ಹೋಗಲಿ ಎಂದು ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಡಮಾಸ್ಕಸ್ ಅದನ್ನೇ ನಿಮಗಾಗಿ ಬರೆದಿಟ್ಟಿತ್ತು, ನೀವೂ ದಿನಾ ಓದಿಕೊಂಡು ಹಿಂದಿರುಗುತ್ತಿದ್ದಿರಿ.

ಶುರುವಾದದ್ದೇ ಹಾಗೆ. ಸ್ವೀಡನ್‌ನ ವಿಜ್ಞಾನಿ ಓಕೆ ಸೆಲ್‌ಸ್ಟ್ರೋಮ್ ನೇತೃತ್ವದ ವಿಶ್ವಸಂಸ್ಥೆಯ ತಂಡ ರಾಸಾಯನಿಕ ಅಸ್ತ್ರ ಬಳಕೆಯ ಹಳೆಯ ಆರೋಪಗಳ ತನಿಖೆಗೆಂದು 2013ರ ಆಗಸ್ಟ್ 18ರಂದು ಡಮಾಸ್ಕಸ್‌ಗೆ ಬಂದಿಳಿದಿತ್ತು. 21ರ ನಸುಕಿನಲ್ಲಿ, ಅವರು ತಂಗಿದ್ದ ಹೋಟೆಲ್‌ನಿಂದ ಕೆಲವೇ ಕಿಲೋಮೀಟರ್ ಆಚೆಯ ಘೂಟಾದಲ್ಲಿ ಸರಿನ್ ಎಂಬ ವಿಷ ತುಂಬಿದ ರಾಕೆಟ್‌ಗಳು ಬಿದ್ದು ನೂರಾರು ಜನ ಮಲಗಿದ್ದಲ್ಲೇ ಸತ್ತರು. ತಜ್ಞರು ಅದೇ ಊರಿನಲ್ಲಿದ್ದರು, ಉಪಕರಣಗಳೂ ಜೊತೆಯಲ್ಲಿದ್ದವು. ಆದರೂ ಸ್ಥಳಕ್ಕೆ ಕಾಲಿಡಲು 26ನೇ ತಾರೀಖಿನವರೆಗೆ ಕಾಯಬೇಕಾಯಿತು. ಹೊರಟ ದಿನ ಅವರ ವಾಹನದ ಮೇಲೆ ಗುಂಡು ಹಾರಿತು. ಇಷ್ಟಾದ ಮೇಲೂ ಅವರಿಗಿದ್ದ ಅಧಿಕಾರ, ವಿಷ ಬಳಕೆಯಾಗಿದೆಯೇ ಎಂದು ಹೇಳುವುದಕ್ಕೆ ಮಾತ್ರ. ಬಳಸಿದವರು ಯಾರು ಎಂದು ಬರೆಯುವಂತಿರಲಿಲ್ಲ.

ಜಗತ್ತಿನ ಒತ್ತಡಕ್ಕೆ ಮಣಿದು ಸಿರಿಯಾ ಆ ವರ್ಷದ ಅಕ್ಟೋಬರ್‌ನಲ್ಲಿ ಒಪ್ಪಂದ ಸೇರಿತು. ಸುಮಾರು 1,300 ಟನ್ ದಾಸ್ತಾನು ಘೋಷಿಸಿತು, ಅದನ್ನು ಹಡಗಿನಲ್ಲಿ ಸಾಗಿಸಿ ನಾಶಪಡಿಸಲಾಯಿತು. ನಿಮ್ಮ ಸಂಸ್ಥೆಗೆ ಅದೇ ವರ್ಷ ನೊಬೆಲ್ ಶಾಂತಿ ಪುರಸ್ಕಾರವೂ ಬಂತು. ಆದರೆ ಲೆಕ್ಕ ತಾಳೆಯಾಗಲಿಲ್ಲ. ನಿಮ್ಮವರು ಕೇಳಿದಾಗಲೆಲ್ಲ ಘೋಷಣೆಗೆ ಮತ್ತೊಂದು ತಿದ್ದುಪಡಿ ಬರುತ್ತಿತ್ತು. 2021ರಲ್ಲಿ, ಆ ಘೋಷಣೆಯನ್ನು ಪರಿಶೀಲಿಸುತ್ತಿದ್ದ ನಿಮ್ಮ ತಂಡದ ಒಬ್ಬ ತಜ್ಞರಿಗೆ ವೀಸಾ ಕೊಡುವುದಿಲ್ಲ ಎಂದು ಸಿರಿಯಾ ಪಟ್ಟುಹಿಡಿಯಿತು, ಇಡೀ ತಂಡದ ಮಾತುಕತೆ ನಿಂತುಹೋಯಿತು. ಒಪ್ಪಿತ ತಪಾಸಕರಿಗೆ 30 ದಿನಗಳಲ್ಲಿ, ಕನಿಷ್ಠ ಎರಡು ವರ್ಷ ಊರ್ಜಿತವಿರುವ ವೀಸಾ ಕೊಡಬೇಕೆಂದು ಒಪ್ಪಂದದ ಅನುಬಂಧದಲ್ಲೇ ಇದೆ!

ಡಮಾಸ್ಕಸ್ ಬಳಿಯ ಡೂಮಾದ ಕಥೆ ಇನ್ನೂ ವಿಚಿತ್ರ. 2018ರ ಏಪ್ರಿಲ್ 7ರಂದು ಅಲ್ಲಿ ಕ್ಲೋರಿನ್ ದಾಳಿಯಾಯಿತು. ಭದ್ರತೆ ಸರಿಯಿಲ್ಲವೆಂದು ಸಿರಿಯಾ, ರಷ್ಯಾದ ಅಧಿಕಾರಿಗಳು ಹೇಳಿದರು, ಮುಂಗಡವಾಗಿ ಹೋದವರ ಮೇಲೆ ಗುಂಡು ಹಾರಿತು, ನಿಮ್ಮ ತಂಡ ಒಳಹೊಕ್ಕಾಗ 21ನೇ ತಾರೀಖು. (ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳಿಗೆ ಆ ತಾಳ್ಮೆಯೂ ಇರಲಿಲ್ಲ. ತಪಾಸಣೆಗೆ ಮುಂಚೆಯೇ, 14ರಂದು, ಕ್ಷಿಪಣಿ ಹಾರಿಸಿದವು. 2012ಕ್ಕೆ ಮುಗಿಸಬೇಕಿದ್ದ ತನ್ನದೇ ದಾಸ್ತಾನಿನ ನಾಶವನ್ನು ಅಮೆರಿಕ ಮುಗಿಸಿದ್ದು 2023ರಲ್ಲಿ ಎಂಬುದೂ ನೆನಪಿರಲಿ.) ಡೂಮಾದಲ್ಲಿ ಸಿಕ್ಕ ಎರಡು ಹಳದಿ ಸಿಲಿಂಡರ್‌ಗಳೇ ಮುಖ್ಯ ಸಾಕ್ಷ್ಯ. 2021ರ ಜೂನ್ 8ರ ವೈಮಾನಿಕ ದಾಳಿಯಲ್ಲಿ ಅವು ನಾಶವಾದವು ಎಂದು ಸಿರಿಯಾ ತಿಳಿಸಿತು. ದಾಳಿಯಾದ ಜಾಗಕ್ಕೂ ನಿಮ್ಮವರು ಅವನ್ನು ಕೊನೆಯದಾಗಿ ನೋಡಿದ್ದ ಜಾಗಕ್ಕೂ ನಡುವೆ ಸುಮಾರು 60 ಕಿಲೋಮೀಟರ್. ಅಲುಗಿಸಬಾರದೆಂದು ಹೇಳಿದ್ದ ಸಿಲಿಂಡರ್‌ಗಳು ಅಲ್ಲಿಗೆ ಹೋದದ್ದು ಹೇಗೆ? ಡೂಮಾದಲ್ಲಿ 43 ಜನರನ್ನು ಕೊಂದದ್ದು ಸಿರಿಯಾ ವಾಯುಪಡೆ ಎಂದು ನಿಮ್ಮ ವರದಿ ಹೆಸರಿಸುವ ಹೊತ್ತಿಗೆ 2023ರ ಜನವರಿ ಬಂದಿತ್ತು. ಅಲ್ಲಿಯವರೆಗೆ ನೀವು ಕೊಟ್ಟಿದ್ದ ಅತಿ ದೊಡ್ಡ ಶಿಕ್ಷೆ, ನಿಮ್ಮ ಸಭೆಯಲ್ಲಿ ಮತ ಹಾಕುವ ಹಕ್ಕನ್ನು ಕಿತ್ತುಕೊಂಡದ್ದು.

ಕೈಲಾಗದೆ ಸುಮ್ಮನಿದ್ದಿರಿ ಎಂದರೆ ಒಪ್ಪುವುದು ಕಷ್ಟ. ಒಪ್ಪಂದದ 9ನೇ ವಿಧಿಯ ಪ್ರಕಾರ ಯಾವುದೇ ಸದಸ್ಯ ರಾಷ್ಟ್ರ ಇನ್ನೊಂದರ ಮೇಲೆ ‘ಸವಾಲು ತಪಾಸಣೆ’ ಕೇಳಬಹುದು. ತಂಡ ಬಂದಿಳಿಯುವ 12 ಗಂಟೆ ಮುಂಚೆ ತಿಳಿಸಿದರೆ ಸಾಕು. ಆ ದೇಶ ಬೇಡವೆನ್ನುವಂತಿಲ್ಲ. ತಡೆಯಬೇಕಿದ್ದರೆ ಕಾರ್ಯಕಾರಿ ಮಂಡಳಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ವಿರೋಧಿಸಬೇಕು. ಇಷ್ಟು ಬಲವಾದ ಅಸ್ತ್ರವನ್ನು, ಒಪ್ಪಂದ ಜಾರಿಗೆ ಬಂದ 1997ರಿಂದ ನೀವು ಒಮ್ಮೆಯೂ ಬಳಸಿಲ್ಲ. ಇಂದು ಅವನ ಮನೆ ಬಾಗಿಲು ತೆಗೆಸಿದರೆ ನಾಳೆ ನಮ್ಮದೂ ತೆಗೆಸಿಯಾರು ಎಂಬ ಅಂಜಿಕೆಯಲ್ಲದೆ ಇದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಭಾರತದ ಪ್ರತಿನಿಧಿಯವರೇ, ನಮಗೆ ಆ ಅಂಜಿಕೆ ಬೇಕಿಲ್ಲ. ನಮ್ಮ ದೇಶ ತನ್ನ ದಾಸ್ತಾನನ್ನು ತಾನೇ ಘೋಷಿಸಿ, ತಪಾಸಕರ ಕಣ್ಣೆದುರಿಗೆ ನಾಶಪಡಿಸಿ, 2009ರಲ್ಲಿ ಕೆಲಸ ಮುಗಿಸಿತು. ಹಾಗಿದ್ದೂ, ವಿಷ ಹಾಕಿದವರ ಹೆಸರು ಹೇಳುವ ಅಧಿಕಾರವನ್ನು ಸಂಸ್ಥೆಗೆ ಕೊಡುವ ನಿರ್ಣಯ 2018ರ ಜೂನ್‌ನಲ್ಲಿ ಬಂದಾಗ ನಾವು ಅದರ ವಿರುದ್ಧ ಮತ ಹಾಕಿದೆವು. ಆ ನಿರ್ಣಯವನ್ನು ವಿರೋಧಿಸುತ್ತಿದ್ದ ರಷ್ಯಾದ ಸ್ನೇಹ ಮುಖ್ಯವೇ ಇರಬಹುದು, ಆದರೆ ಆ ಮತವನ್ನು ನನ್ನಂಥ ನಾಗರಿಕನ ಹೆಸರಿನಲ್ಲೂ ಹಾಕಲಾಗಿತ್ತು. ಅದು ತಪ್ಪು ಮತ.

ನನ್ನ ಬೇಡಿಕೆ ಎರಡೇ. ತಪಾಸಕರ ವೀಸಾವನ್ನು ಗಡುವು ಮೀರಿ ತಡೆಹಿಡಿಯುವ ದೇಶವನ್ನು ತಪಾಸಣೆ ನಿರಾಕರಿಸಿದ ದೇಶವೆಂದೇ ದಾಖಲಿಸಿ, ಮುಂದಿನ ಕ್ರಮ ತಾನಾಗಿ ಜರುಗುವಂತೆ ನಿಯಮ ಮಾಡಿ. ಮತ್ತೊಂದು ಸರ್ಕಾರ ಸಿರಿಯಾದಂತೆ ದಿನ ದೂಡಲು ಶುರುಮಾಡಿದ ದಿನ 9ನೇ ವಿಧಿಯಡಿ ಸವಾಲು ತಪಾಸಣೆಯ ಮೊದಲ ಅರ್ಜಿಯನ್ನು ಭಾರತವೇ ಸಲ್ಲಿಸಲಿ.

ಇಂತಿ,
ಒಬ್ಬ ಭಾರತೀಯ ನಾಗರಿಕ