ಐದನೆಯ ತಿಂಗಳ ನ್ಯಾಯ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿಯ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಕೃತಕ ಕುಳಿಗಳನ್ನು ತೋಡಿ, ಚಂದ್ರಯಾನದ ಉಪಕರಣಗಳನ್ನು ನಮ್ಮ ವಿಜ್ಞಾನಿಗಳು ಪರೀಕ್ಷಿಸಿದರು. 2023ರ ಆಗಸ್ಟ್ 23ರಂದು ನೌಕೆ ಚಂದ್ರನ ಮೇಲಿಳಿದಾಗ ನಾನೂ ಹಿಗ್ಗಿದೆ, ಹಿಗ್ಗದವರಾರು? ಆದರೆ ಅದೇ ಚಳ್ಳಕೆರೆಯ, ನೆರೆಯ ಮೊಳಕಾಲ್ಮೂರಿನ ಬಸುರಿಯ ಒಡಲಲ್ಲಿ ಕೂಸು ಹೇಗಿದೆಯೆಂಬುದನ್ನು ಸಕಾಲದಲ್ಲಿ ನೋಡಿ ಹೇಳುವ ವಿಷಯದಲ್ಲಿ ನಮಗೆ ಅಷ್ಟೇ ಆಸ್ಥೆಯಿದೆಯೇ? ನನ್ನ ತಕರಾರು ಇಷ್ಟೇ.

ಈ ವಿದ್ಯೆ ಹೊಸದೇನಲ್ಲ. ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಕಿವಿಗೆ ಕೇಳಿಸದ ಧ್ವನಿಯಿಂದ ಗರ್ಭವನ್ನು ಕಾಣುವ ಬಗೆಯನ್ನು ಪ್ರಕಟಿಸಿದ್ದು 1958ರಲ್ಲಿ. ಇಂದು 18ರಿಂದ 20 ವಾರಗಳ ಹೊತ್ತಿಗೆ ಕೂಸಿನ ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ತಲೆಬುರುಡೆ, ಮೂತ್ರಪಿಂಡ, ತುಟಿ ಎಲ್ಲವನ್ನೂ ಒಂದೊಂದಾಗಿ ನೋಡಬಹುದು. ಬೆಂಗಳೂರಿನ ನಮ್ಮ ಮನೆಗಳಲ್ಲಿ ಐದನೆಯ ತಿಂಗಳ ಈ ಸ್ಕ್ಯಾನಿಂಗ್ ಸೀಮಂತದಷ್ಟೇ ಸಹಜವಾಗಿದೆ.

ಮೊಳಕಾಲ್ಮೂರಿನ ಒಂದು ನೇಕಾರರ ಮನೆಯಲ್ಲಿ ನಾನು ಕಂಡ ತಾಯಿ ಕಾರ್ಡಿನೊಳಗೆ ಮಡಿಸಿಟ್ಟಿದ್ದ ಮೊದಲ ಸ್ಕ್ಯಾನಿಂಗ್ ಚೀಟಿ ಏಳನೆಯ ತಿಂಗಳದ್ದು. ಮಗ್ಗ ನಿಲ್ಲಿಸಿ, ಕೂಲಿ ಕಳೆದುಕೊಂಡು, ಬಸ್ಸು ಹಿಡಿದು ಪರವೂರಿಗೆ ಹೋಗಿ ಮಾಡಿಸಿದ್ದು. ತಡವೇಕೆಂದು ಕೇಳಿದೆ. "ಐದು ತಿಂಗಳಿಗೇ ಹೋಗಬೇಕು ಅಂತ ನಮಗೆ ಯಾರು ಹೇಳಿದ್ರು ಸ್ವಾಮಿ?" ಎಂದರು ಅತ್ತೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ.

ಕಾಯಿದೆಯೇನೋ ಉದಾರವಾಗಿದೆ. 1971ರ ಗರ್ಭಪಾತ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿ, ಭ್ರೂಣದಲ್ಲಿ ಗುರುತರ ದೋಷವಿದ್ದಲ್ಲಿ 24 ವಾರಗಳವರೆಗೆ ಅವಕಾಶ ದೊರಕಿತು. ಆಮೇಲೂ ವೈದ್ಯಕೀಯ ಮಂಡಳಿ ಒಪ್ಪಿದರೆ ದಾರಿಯುಂಟು. ಆದರೆ ದೋಷವೇ ಏಳನೆಯ ತಿಂಗಳಲ್ಲಿ ತಿಳಿದರೆ? ಕಾಯಿದೆ ಕೊಟ್ಟ ಕಾಲವನ್ನು ಬಸ್ಸಿನ ದಾರಿ ತಿಂದುಹಾಕುತ್ತದೆ. ಉಳಿಯುವುದು ಮಂಡಳಿಯ ಬಾಗಿಲಿನ ಅಲೆದಾಟ.

"ಈ ಯಂತ್ರ ಹೆಣ್ಣುಕೂಸುಗಳನ್ನು ನುಂಗಿತಲ್ಲ, ಅದನ್ನು ಇನ್ನಷ್ಟು ಹರಡಬೇಕೇ?" ಎನ್ನುವವರಿದ್ದಾರೆ. ನುಂಗಿದ್ದು ಯಂತ್ರವಲ್ಲ, ನಮ್ಮ ದುರಾಸೆ. ಅದಕ್ಕೆಂದೇ 1994ರ ಕಾಯಿದೆಯಿದೆ. ಅದು ಬಿಗಿಯಾಗಿಯೇ ಇರಲಿ. ಆದರೆ ಕಳ್ಳನ ಭಯಕ್ಕೆ ಊರಬಾವಿಗೆ ಬೀಗ ಹಾಕುವುದು ವಿವೇಕವಲ್ಲ.

"ಊನವುಳ್ಳ ಕೂಸಿಗೆ ಬದುಕುವ ಹಕ್ಕಿಲ್ಲವೇ?" ಎಂಬುದು ಇನ್ನೊಂದು ಆಕ್ಷೇಪ. ಇದು ಗೌರವಿಸತಕ್ಕ ಮಾತು. ಆದರೆ ತಿಳಿಯುವುದೆಂದರೆ ಕೊಲ್ಲುವುದೆಂದಲ್ಲ. ಹೃದಯದ ದೋಷ ಮೊದಲೇ ತಿಳಿದರೆ ಮಕ್ಕಳ ಹೃದಯತಜ್ಞರಿರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬಹುದು; ಬೆನ್ನುಹುರಿಯ ದೋಷ ತಿಳಿದರೆ ಶಸ್ತ್ರಚಿಕಿತ್ಸೆಗೆ ಅಣಿಯಾಗಬಹುದು; ಸೀಳುತುಟಿ ಕಂಡರೆ "ಇದು ಸರಿಹೋಗುತ್ತದೆ ತಾಯೀ" ಎಂದು ಧೈರ್ಯ ಹೇಳಬಹುದು. ಉಳಿಸಿಕೊಳ್ಳುವುದೋ ಬಿಡುವುದೋ ಆ ತಾಯಿಯ ತೀರ್ಮಾನ. ವೈದ್ಯರದೂ ಅಲ್ಲ, ಅತ್ತೆಯದೂ ಅಲ್ಲ, ಲೇಖಕನದಂತೂ ಅಲ್ಲವೇ ಅಲ್ಲ. ತೀರ್ಮಾನಿಸುವ ಹೊತ್ತೇ ಅವಳಿಗೆ ಸಿಗದಿದ್ದರೆ ಅದು ಅನ್ಯಾಯ.

ನಾನು ಕೇಳುವುದು ಹೆಚ್ಚಿನದೇನಲ್ಲ. ಹೆಸರು ಬರೆಸಿದ ದಿನವೇ ತಾಯಿ ಕಾರ್ಡಿನಲ್ಲಿ ಐದನೆಯ ತಿಂಗಳ ಸ್ಕ್ಯಾನಿಂಗ್ ತಾರೀಖು ನಮೂದಾಗಲಿ. ಅದನ್ನು ನೆನಪಿಸುವ ಹೊಣೆ ಆಶಾ ಕಾರ್ಯಕರ್ತೆಗೆ, ಅದಕ್ಕೆ ತಕ್ಕ ಸಂಭಾವನೆಯೊಡನೆ, ಇರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಗೊತ್ತಾದ ದಿನಗಳಂದು ಪಳಗಿದ ತಜ್ಞರು ಕೂರಲಿ. ನೋಡಬಲ್ಲ ಕಣ್ಣಿಲ್ಲದ ಯಂತ್ರ ಬರಿಯ ಪೆಟ್ಟಿಗೆ. ದೋಷ ಕಂಡರೆ ದೊಡ್ಡಾಸ್ಪತ್ರೆಗೆ ಹೋಗುವ ಖರ್ಚನ್ನು ಸರ್ಕಾರ ಭರಿಸಲಿ.

ಚಂದ್ರನಲ್ಲಿ ಇಳಿಯುವ ಮುನ್ನ ನೆಲವನ್ನು ನೋಡಿಕೊಂಡ ದೇಶ ಇದು. ಭೂಮಿಗೆ ಬರುವ ಕೂಸಿಗೂ ಅಷ್ಟು ಮುನ್ನೋಟ ಸಲ್ಲಬೇಡವೇ?