‘ಸರ್ವರ್ ಇಲ್ಲ’ ಎಂಬ ಉತ್ತರ ಸಾಲದು

ಗುರುವಾಯನಕೆರೆಯಲ್ಲಿ ಮಂಗಳೂರಿನಿಂದ ಬರುವ ಹೆದ್ದಾರಿ ಚಾರ್ಮಾಡಿಯತ್ತ ಮುಂದುವರಿಯುತ್ತದೆ. ವೇಣೂರು, ನಾರಾವಿಯ ಕಡೆಗೆ ಹೋಗುವ ದಾರಿಯೂ ಅಲ್ಲಿಯೇ ಕವಲೊಡೆಯುತ್ತದೆ. ಘಟ್ಟ ಹತ್ತಬೇಕಾದ ಪ್ರಯಾಣಿಕನಿಗೆ ಅಲ್ಲಿ ‘ಬಸ್ಸಿಲ್ಲ’ ಎಂದಷ್ಟೇ ಹೇಳಿದರೆ ಅವನು ಏನು ಮಾಡಬೇಕು? ಬಸ್ಸು ತಡವಾಗಿದ್ದರೆ ಕಾಯಬಹುದು. 2019ರ ಆಗಸ್ಟ್‌ನಲ್ಲಿ ಆದಂತೆ ಘಾಟಿಯಲ್ಲಿ ಗುಡ್ಡವೇ ಜರಿದಿದ್ದರೆ ಕಾಯುವುದು ವ್ಯರ್ಥ. ಬೇರೆ ದಾರಿ ಹಿಡಿಯಬೇಕು.

ಇಂಥ ಊರುಗಳ ನ್ಯಾಯಬೆಲೆ ಅಂಗಡಿಗಳ ಮುಂದೆ ಆಗಾಗ ಕೇಳಿಬರುವ ‘ಸರ್ವರ್ ಇಲ್ಲ’ ಎಂಬ ಉತ್ತರ ಈ ‘ಬಸ್ಸಿಲ್ಲ’ಕ್ಕಿಂತ ಹೆಚ್ಚೇನನ್ನೂ ತಿಳಿಸುವುದಿಲ್ಲ. ದಶಕಗಳ ಕಾಲ ಬೀಡಿ ಸುತ್ತಿ ಬೆರಳಿನ ಗೆರೆ ಸವೆಸಿಕೊಂಡ ಹೆಂಗಸರು ದಕ್ಷಿಣ ಕನ್ನಡದಲ್ಲಿ ಎಷ್ಟೋ ಮಂದಿ. ಬೆರಳಚ್ಚು ಹೊಂದದಿದ್ದರೆ ಆಧಾರ್ ವ್ಯವಸ್ಥೆ 300 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಕಾರ್ಡುದಾರರೇ ತಮ್ಮ ಬೆರಳಚ್ಚಿಗೆ ಬೀಗ ಹಾಕಿದ್ದರೆ 330. ಕೋರಿಕೆ ಅಲ್ಲಿಯವರೆಗೆ ತಲುಪದೇ ಇದ್ದರೆ ಅದು ಬೇರೆಯೇ ದೋಷ. ಸಂಪರ್ಕ ಕಡಿದಿದ್ದರೆ ನಾಳೆ ಬರಬಹುದು. ಗೆರೆಯೇ ಸವೆದಿದ್ದರೆ ನಾಳೆಯೂ ಅದೇ ಕಥೆ. ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಆದರೆ ವಿಫಲವಾದದ್ದು ಏನೆಂದೇ ತಿಳಿಯದ ಮುದುಕಿ ಆ ಸೂಚನೆಯ ನೆರವನ್ನು ಕೇಳುವುದಾದರೂ ಹೇಗೆ?

ಕಾರಣ ಮುಚ್ಚಿಹೋಗುವುದು ಕೌಂಟರಿನಲ್ಲಿ ಮಾತ್ರವಲ್ಲ. ಎಷ್ಟೋ ಸಲ ಯಂತ್ರದ ಒಳಗೇ. ಗಣಕದ ಜಾಲ ಸಾಧನವನ್ನು ನಡೆಸುವ ತಂತ್ರಾಂಶಕ್ಕೆ ‘ಡ್ರೈವರ್’ ಎಂದು ಹೆಸರು. ತಂತಿಯಲ್ಲಿ, ಚಿಪ್ಪಿನಲ್ಲಿ ಏನು ನಡೆಯಿತೆಂಬುದಕ್ಕೆ ಮೊದಲ ಸಾಕ್ಷಿ ಅದೇ. ಅಸಂಖ್ಯ ಉಪಕರಣಗಳಲ್ಲಿ ಬಳಕೆಯಾಗುವ ಲಿನಕ್ಸ್‌ನಲ್ಲಿ ಈ ಸಾಕ್ಷ್ಯಕ್ಕೊಂದು ಶಿಸ್ತಿದೆ. ಕೆಲಸ ಆದರೆ ಸೊನ್ನೆ, ಆಗದಿದ್ದರೆ ಋಣ ಸಂಖ್ಯೆ: ಸ್ಮೃತಿ ಸಾಲದಿದ್ದರೆ 12, ಸಾಧನವೇ ಇಲ್ಲದಿದ್ದರೆ 19, ಸಮಯ ಮೀರಿದರೆ 110. ಮೇಲಿನ ಪದರಗಳು ಇದನ್ನು ನಂಬಿಯೇ ಮುಂದಿನ ಹೆಜ್ಜೆ ಇಡುತ್ತವೆ.

ಆ ಶಿಸ್ತು ಮುರಿಯುವುದು ಒಂದು ಸಾಲಿನ ಉದಾಸೀನದಿಂದ. 517 ಎಂಬ ಸಂಖ್ಯೆಯನ್ನೇ ನೋಡಿ. ‘ನನಗೆ ಬೇಕಾದ ಇನ್ನೊಂದು ಭಾಗ ಇನ್ನೂ ಎದ್ದಿಲ್ಲ, ಆಮೇಲೆ ಮತ್ತೆ ಕರೆಯಿರಿ’ ಎಂಬುದು ಅದರ ಅರ್ಥ. ಡ್ರೈವರ್ ಬರೆದವರು ಈ ಉತ್ತರವನ್ನು ನುಂಗಿ ಅದರ ಬದಲು 19 ಎಂದು ವರದಿ ಮಾಡಿದರೆ, ವ್ಯವಸ್ಥೆ ಸಾಧನವೇ ಇಲ್ಲವೆಂದು ಭಾವಿಸಿ ಮತ್ತೆ ಕರೆಯುವುದೇ ಇಲ್ಲ. ಸಾಮಾನ್ಯವಾಗಿ ದಾಖಲೆಯಲ್ಲೂ ಸದ್ದಿರುವುದಿಲ್ಲ. ಚೆನ್ನಾಗಿರುವ ಪೋರ್ಟು ಸತ್ತಂತೆ ಬಿದ್ದಿರುತ್ತದೆ. ತಂತ್ರಜ್ಞ ಬಂದು ಕೇಬಲ್ ಬದಲಿಸಿ ಹೋಗುತ್ತಾನೆ! ‘ಈ ಸೌಲಭ್ಯ ನನ್ನಲ್ಲಿಲ್ಲ’ ಎನ್ನುವುದಕ್ಕೂ ಕೆಲವರು 95 ಎಂದು ಬರೆದರೆ ಇನ್ನು ಕೆಲವರು 524 ಎಂದು ಬರೆದದ್ದುಂಟು. ಎರಡನೆಯದು ಲಿನಕ್ಸ್ ತಿರುಳಿನ ಒಳಬಳಕೆಗೆ ಸೇರಿದ್ದು. ಹೊರಗೆ ಬಂದರೆ ಬಳಕೆದಾರನಿಗೆ ಕಾಣುವುದು ‘ಅಪರಿಚಿತ ದೋಷ’ ಎಂಬ ಸಾಲು ಮಾತ್ರ.

ಸಂಖ್ಯೆಯ ಜೊತೆಗೆ ಕಾರಣವನ್ನು ವಾಕ್ಯದಲ್ಲಿಯೂ ತಿಳಿಸುವ ಏರ್ಪಾಡು 2017ರಲ್ಲಿ ಲಿನಕ್ಸ್‌ನ ಜಾಲ ವಿಭಾಗಕ್ಕೆ ಬಂತು. ಆದರೂ ಅದನ್ನು ಬಳಸುವ ಮನಸ್ಸು ಬೇಕು. ಇಂಥ ತಂತ್ರಾಂಶ ಬರೆಯುವವರಲ್ಲಿ ಅನೇಕರು ಬೆಂಗಳೂರಿನಲ್ಲಿಯೇ ಇದ್ದಾರೆ. ಪ್ರೋಗ್ರಾಂ ಓಡಿದರೆ ಸಾಕು, ಅಂಕ ಬಂತು ಎಂಬ ಪ್ರಯೋಗಾಲಯಗಳಿಂದ ಬಂದವರು ಅವರಲ್ಲಿ ಕಡಿಮೆಯಿಲ್ಲ. ಓಡದಿದ್ದಾಗ ಅದು ಏನು ಹೇಳುತ್ತದೆ ಎಂದು ನಮ್ಮ ಪರೀಕ್ಷಕರು ಕೇಳುವುದು ಅಪರೂಪ.

ಸರ್ಕಾರವೂ ಕೇಳಬೇಕು. 2025ರ ಆರಂಭದಲ್ಲಿ ‘ಕಾವೇರಿ 2.0’ ತಂತ್ರಾಂಶ ಸೊರಗಿ, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಆಸ್ತಿ ನೋಂದಣಿ ಕುಂಟಿತು. ಅದಕ್ಕೆ ಕಾರಣ ನಕಲಿ ಕೋರಿಕೆಗಳ ಪ್ರವಾಹ ಹರಿಸಿದ ಸೈಬರ್ ದಾಳಿ ಎಂದು ಸರ್ಕಾರ ಬಳಿಕ ಹೇಳಿತು. ದಿನಗೂಲಿ ಬಿಟ್ಟು ಪತ್ರ ಮಾಡಿಸಲು ಬಂದವನಿಗೆ ಆ ವಿವರ ಅದೇ ದಿನ ಸಿಕ್ಕಿದ್ದರೆ ಮರುದಿನದ ಕೂಲಿಯಾದರೂ ಉಳಿಯುತ್ತಿತ್ತು.

ಪಡಿತರ ಯಂತ್ರವಿರಲಿ, ಪಂಚಾಯಿತಿಯ ರೂಟರ್ ಇರಲಿ, ಖರೀದಿಯ ಟೆಂಡರಿನಲ್ಲಿಯೇ ಒಂದು ಷರತ್ತು ಸೇರಿಸಬಹುದು. ಹಣ ಪಾವತಿಗೆ ಮುನ್ನ ಅಧಿಕಾರಿಯ ಎದುರು ಕೇಬಲ್ ಕೀಳಬೇಕು, ವಿದ್ಯುತ್ ತೆಗೆಯಬೇಕು, ತಪ್ಪು ಬೆರಳನ್ನು ಒತ್ತಬೇಕು. ಮೂರಕ್ಕೂ ಬೇರೆ ಬೇರೆ ಉತ್ತರ ದಾಖಲಾಗಬೇಕು. ಆ ಉತ್ತರ ಕನ್ನಡದಲ್ಲಿ ಚೀಟಿಯ ಮೇಲೆ ಮುದ್ರಣವಾಗಿ, ಬರಿಗೈಯಲ್ಲಿ ಮರಳುವವರ ಕೈ ಸೇರಬೇಕು.